ಮನೆಯಲ್ಲೇ ಕಾರಿನ ಟ್ರೈಲರ್ ಮಾಡಬೇಕು, ಮುರಿಯದ ಹಾಗೆ ಎಷ್ಟು ದಪ್ಪದ ಪೈಪ್ ಹಾಕಲಿ?

ಬೈಕ್ ಸಾಗಿಸೋಕೆ ಒಂದು ಟ್ರೈಲರ್ ಬೇಕು, 5 ಎಂಎಂ ದಪ್ಪದ ಚೌಕ ಪೈಪ್ ತಂದು ಎಲ್ಲಾ ಜಾಯಿಂಟಿಗೂ ಸುತ್ತ ವೆಲ್ಡ್ ಹೊಡೆದರೆ ಸಾಕಾ, ಯಾವ ವೆಲ್ಡಿಂಗ್ ಮೆಷಿನ್ ತಗೋಬೇಕು ಅಂತ ಕೇಳಿದ್ದೀರಿ. ಇದೇ ಪ್ಲ್ಯಾನ್ ನನ್ನದೂ ಆಗಿತ್ತು. ಪೈಪಿನ ದಪ್ಪವೂ ಅದೇ. ಆ ಟ್ರೈಲರ್ ಬೈಕ್ ಸಮೇತ ರಸ್ತೆ ಮೇಲೆ ಮುರಿದು ಬಿತ್ತು, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನನ್ನ ಡ್ರಾಬಾರ್, ಅಂದರೆ ಕಾರಿನ ಹಿಂದಿರುವ ಗುಂಡನೆ ಕೊಂಡಿಗೆ (ಬಾಲ್) ಸಿಕ್ಕಿಸುವ ಮುಂದಿನ ಉದ್ದನೆ ಮೂತಿ, 50×50 ಎಂಎಂನ ಒಂದೇ ಪೈಪ್. ಅದನ್ನು ಫ್ರೇಮಿನ ಮುಂದಿನ ಅಡ್ಡ ಪೈಪಿನ ಕೆಳಗೆ ತೂರಿಸಿ ಗಟ್ಟಿಯಾಗಿ ವೆಲ್ಡ್ ಮಾಡಿದ್ದೆ. ಅಷ್ಟಕ್ಕೆ ಸಮಾಧಾನ ಆಗಲಿಲ್ಲ. ಎಲ್ಲಾ ಭಾರ ಇಲ್ಲೇ ಬೀಳುತ್ತದೆ ಅಂತ ಅದೇ ಜಾಗದಲ್ಲಿ ಡ್ರಾಬಾರಿನ ಅಡಿಗೆ ಒಂದು ದಪ್ಪ ಪಟ್ಟಿ ಇಟ್ಟು, ಅದರ ನಾಲ್ಕೂ ಬದಿಗೆ ಬಿಡದೆ ವೆಲ್ಡ್ ಹೊಡೆದೆ. ನೋಡಿದವರೆಲ್ಲ ಆನೆ ನಿಲ್ಲಿಸಬಹುದು ಅಂದರು.

ಸ್ವಲ್ಪ ಕಾಲ ಚೆನ್ನಾಗೇ ಓಡಿತು. ಒಂದು ಸಲ ತೊಳೆಯುವಾಗ ಆ ಪಟ್ಟಿಯ ಮುಂದಿನ ಅಂಚಿನಲ್ಲಿ, ವೆಲ್ಡಿಗೆ ಅಂಟಿಕೊಂಡ ಹಾಗೆ, ಬಣ್ಣದ ಮೇಲೆ ಕೂದಲೆಳೆಯಷ್ಟು ಸಣ್ಣ ಕಂದು ಗೆರೆ ಕಂಡಿತು. ಉಗುರಲ್ಲಿ ಕೆರೆದರೆ ತುಕ್ಕಿನ ಪುಡಿ ಬಂತು. ಬಣ್ಣದ ಕೆಳಗಿನಿಂದ ತುಕ್ಕು ಹೀಗೆ ಗೆರೆಯಾಗಿ ಹೊರಬಂದರೆ ಅಲ್ಲಿ ಬಿರುಕು ಇದೆ ಅಂತಲೇ ತಿಳಿಯಬೇಕು. ನಾನು ಗ್ರೈಂಡರ್ ಹಿಡಿದು ಉಜ್ಜಿ, ಅದರ ಮೇಲೇ ಇನ್ನೊಂದು ಸುತ್ತು ವೆಲ್ಡ್ ಹಾಕಿ, ಬಣ್ಣ ಬಳಿದೆ. ಆಮೇಲೆ ಬೈಕ್ ಹೇರಿಕೊಂಡು ಹೋಗುವಾಗ ಒಂದು ರಸ್ತೆ ಉಬ್ಬಿನ ಮೇಲೆ ಟಕ್ ಅಂತ ಸದ್ದಾಯಿತು. ಡ್ರಾಬಾರ್ ಸರಿಯಾಗಿ ಅಲ್ಲೇ ಮಡಚಿಕೊಂಡಿತು. ಫ್ರೇಮಿನ ಮುಂಭಾಗ ರಸ್ತೆಗೆ ಕಚ್ಚಿತು, ಬೈಕ್ ಪಕ್ಕಕ್ಕೆ ಉರುಳಿತು. ನಿಧಾನಕ್ಕೆ ಹೋಗುತ್ತಿದ್ದೆ, ಹಿಂದೆ ಯಾರೂ ಇರಲಿಲ್ಲ. ಹೆದ್ದಾರಿಯ ಮೇಲೆ ಆಗಿದ್ದರೆ ಏನಾಗುತ್ತಿತ್ತು ಅಂತ ಈಗಲೂ ಯೋಚಿಸಲು ಇಷ್ಟ ಇಲ್ಲ.

ಆ ಪಟ್ಟಿ ಯಾಕೆ ಕೈಕೊಟ್ಟಿತು ಅನ್ನುವುದನ್ನು ದಯವಿಟ್ಟು ನಿಧಾನವಾಗಿ ಓದಿ. ಡ್ರಾಬಾರಿನ ತುದಿಯನ್ನು ಕಾರಿನ ಬಾಲ್ ಮೇಲಕ್ಕೆ ಎತ್ತಿ ಹಿಡಿದಿರುತ್ತದೆ. ಹಿಂದೆ ಚಕ್ರಗಳು ಎತ್ತಿ ಹಿಡಿದಿರುತ್ತವೆ. ಲೋಡ್ ಎರಡರ ಮಧ್ಯೆ ಕೆಳಕ್ಕೆ ಒತ್ತುತ್ತದೆ. ಹಾಗಾಗಿ ಡ್ರಾಬಾರಿನ ಕೆಳಮೈ ಯಾವಾಗಲೂ ಎಳೆತದಲ್ಲಿ, ಮೇಲ್ಮೈ ಒತ್ತಡದಲ್ಲಿ ಇರುತ್ತದೆ. ಬಾಲ್‌ನಿಂದ ಹಿಂದಕ್ಕೆ ಬಂದಷ್ಟೂ ಬಾಗಿಸುವ ಬಲ ಜಾಸ್ತಿಯಾಗುತ್ತಾ ಹೋಗುತ್ತದೆ, ಮುಂದಿನ ಅಡ್ಡ ಪೈಪ್ ತಲುಪುವ ತನಕ ಅದನ್ನು ಹೊರಲು ಡ್ರಾಬಾರ್ ಬಿಟ್ಟು ಬೇರೆ ಯಾರೂ ಇಲ್ಲ. ಅಂದರೆ ಇಡೀ ಟ್ರೈಲರಿನಲ್ಲಿ ಅತಿ ಕಷ್ಟದ ಜಾಗ ಆ ಅಡ್ಡ ಪೈಪಿನ ಹತ್ತಿರ, ಡ್ರಾಬಾರಿನ ಅಡಿಮೈ. ನಾನು ಸರಿಯಾಗಿ ಅಲ್ಲೇ ಅಡ್ಡಕ್ಕೆ ವೆಲ್ಡ್ ಎಳೆದಿದ್ದೆ.

ಯಾವ ವೆಲ್ಡಿನ ಅಂಚಿನಲ್ಲೂ ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ಗೀರು ಇದ್ದೇ ಇರುತ್ತದೆ. ಜೊತೆಗೆ ಅಲ್ಲಿನ ಕಬ್ಬಿಣ ಕಾದು, ಆರುವಾಗ ಕುಗ್ಗಿ, ಒಳಗೇ ಬಿಗಿದುಕೊಂಡಿರುತ್ತದೆ. ಬಟ್ಟೆಗೆ ಕತ್ತರಿಯಲ್ಲಿ ಒಂದು ಸಣ್ಣ ಕಚ್ಚು ಹಾಕಿ ಎಳೆದರೆ ಅಲ್ಲಿಂದಲೇ ಹರಿಯುತ್ತದಲ್ವಾ, ಹಾಗೆ. ವೆಲ್ಡ್ ಅಡ್ಡಕ್ಕೆ ಇದ್ದರೆ ಎಳೆತ ಆ ಗೀರನ್ನು ಬಾಯಿ ಬಿಡಿಸುತ್ತದೆ. ಒಂದೊಂದು ಗುಂಡಿಗೂ ಒಂದಿಷ್ಟು. ವೆಲ್ಡ್ ಪೈಪಿನ ಉದ್ದಕ್ಕೆ ಓಡಿದ್ದರೆ ಅದೇ ಎಳೆತ ಗೀರಿನ ಪಕ್ಕದಲ್ಲೇ ಹಾದುಹೋಗುತ್ತದೆ. ನಾನು ಬಿರುಕಿನ ಮೇಲೆ ಮತ್ತೆ ವೆಲ್ಡ್ ಹಾಕಿದ್ದರಿಂದ ಅದೇ ಜಾಗದಲ್ಲಿ ಹೊಸ ಅಂಚು, ಹೊಸ ಗೀರು ಹುಟ್ಟಿದವು ಅಷ್ಟೇ. ಒಳಗೆ ಹಳೆ ಬಿರುಕು ಪೂರ್ತಿ ಹೋಗಿತ್ತೋ ಇಲ್ಲವೋ ಅದೂ ನೋಡಲಿಲ್ಲ. ಒಳ್ಳೆ ಗ್ರೇಡಿನ ಸ್ಟೀಲ್ ತಂದರೆ ಸರಿಹೋಗುತ್ತದೆ ಅಂದುಕೊಳ್ಳಬೇಡಿ. ಹೀಗೆ ದಣಿದು ಬಿರುಕು ಬಿಡುವ ವಿಚಾರದಲ್ಲಿ ವೆಲ್ಡ್ ಮಾಡಿದ ಜಾಗಕ್ಕೆ ಸಾಧಾರಣ ಸ್ಟೀಲ್, ಬಲದ ಸ್ಟೀಲ್ ಎರಡೂ ಹೆಚ್ಚುಕಡಿಮೆ ಒಂದೇ. ಅಲ್ಲಿ ಬೀಳುವ ಎಳೆತವನ್ನು ಅರ್ಧ ಮಾಡಿದರೆ ಮಾತ್ರ ಆಯುಷ್ಯ ಸುಮಾರು 8 ಪಟ್ಟು ಸಿಗುತ್ತದೆ.

ಅದಕ್ಕೇ ನಿಮ್ಮ 5 ಎಂಎಂ ಪ್ಲ್ಯಾನ್ ನನಗೆ ಒಪ್ಪಿಗೆ ಇಲ್ಲ. ಪೈಪಿಗೆ ದಪ್ಪ ಬೇಡ, ಎತ್ತರ ಕೊಡಿ. 50×50, 5 ಎಂಎಂ ಪೈಪ್ ಮೀಟರಿಗೆ ಸುಮಾರು 7 ಕೆಜಿ ತೂಗುತ್ತದೆ. 100×50, 3 ಎಂಎಂ ಪೈಪ್ ಅದಕ್ಕಿಂತ ಚೂರು ಹಗುರ. ಆದರೆ ಅದನ್ನು ಎತ್ತರಕ್ಕೆ ನಿಲ್ಲಿಸಿ ಹಾಕಿದರೆ ಬಾಗದೆ ಹೊರುವ ಶಕ್ತಿ ಸುಮಾರು 1.8 ಪಟ್ಟು, ಬಿಗಿತ ಮೂರೂವರೆ ಪಟ್ಟು. ಅದೇ ಕಬ್ಬಿಣ, ಅದೇ ತೂಕ. ಟ್ರೈಲರ್ ಸುಮ್ನೆ ಭಾರ ಆದಷ್ಟೂ ಡ್ರಾಬಾರಿಗೂ ಕಾರಿಗೂ ಕಷ್ಟ.

ಎರಡನೇ ಸಲ ನಾನು ಮಾಡಿದ್ದು ಹೀಗೆ. ಒಂಟಿ ಪೈಪ್ ಬಿಟ್ಟು ಎರಡು ಕಾಲುಗಳು ಮುಂದೆ ಕೂಡುವ ಹಾಗೆ, ಇಂಗ್ಲಿಷಿನ ಎ ಅಕ್ಷರದ ಆಕಾರ. ಎರಡೂ ಕಾಲು ಮುಂದಿನ ಅಡ್ಡ ಪೈಪಿನ ಅಡಿಯಲ್ಲಿ ಹಾದು ಹಿಂದಿನ ಅಡ್ಡ ಪೈಪಿನ ತನಕ ಹೋಗುತ್ತವೆ, ಅಲ್ಲೂ ಕಟ್ಟಿಕೊಂಡಿವೆ. ಅಡ್ಡ ಪೈಪಿಗೆ ಹಿಡಿಸಲು ಕಾಲಿನ ಪಕ್ಕದ ಗೋಡೆಗೆ ಪ್ಲೇಟ್ ಇಟ್ಟು, ಆ ಗೋಡೆಯ ಮಧ್ಯದ ಎತ್ತರದಲ್ಲಿ ಉದ್ದಕ್ಕೆ ಮಾತ್ರ ವೆಲ್ಡ್ ಮಾಡಿದೆ. ಮಧ್ಯದಲ್ಲಿ ಯಾಕೆ ಅಂದರೆ ಅಲ್ಲಿ ಬಾಗುವಿಕೆಯ ಎಳೆತವೂ ಒತ್ತಡವೂ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅಡಿಮೈಯನ್ನು ಮುಟ್ಟಲೇ ಇಲ್ಲ, ತೂತು ಕೂಡ ಕೊರೆದಿಲ್ಲ. ವೆಲ್ಡ್ ಬಗ್ಗೆ ಧೈರ್ಯ ಇಲ್ಲ ಅಂದರೆ ಅಲ್ಲಿ ಯು ಬೋಲ್ಟ್ ಹಾಕಿ ಬಿಗಿದುಬಿಡಿ. ಅದೇನೂ ಕಡಿಮೆ ಅಲ್ಲ.

ಇನ್ನೊಂದು ವಿಷಯ ಮುರಿದ ಮೇಲೆ ಹೊಳೆಯಿತು. ನನ್ನ ಸೇಫ್ಟಿ ಚೈನ್ ಕಪ್ಲರ್ (ಬಾಲ್ ಮೇಲೆ ಕೂತು ಕಚ್ಚಿಕೊಳ್ಳುವ ಭಾಗ) ಪಕ್ಕ, ಡ್ರಾಬಾರಿನ ತುದಿಯಲ್ಲೇ ಇತ್ತು. ಡ್ರಾಬಾರ್ ಹಿಂದೆ ಪೂರ್ತಿ ತುಂಡಾಗಿದ್ದರೆ ಚೈನ್ ಕಾರಿನ ಜೊತೆ ಹೋಗುತ್ತಿತ್ತು, ಟ್ರೈಲರ್ ತನ್ನ ಪಾಡಿಗೆ ತಾನು ಹೋಗುತ್ತಿತ್ತು. ಚೈನನ್ನು ಮುಖ್ಯ ಫ್ರೇಮಿಗೇ ಕಟ್ಟಿ. ಎರಡು ಚೈನ್, ಡ್ರಾಬಾರಿನ ಕೆಳಗೆ ಒಂದಕ್ಕೊಂದು ಅಡ್ಡ ಹಾಯುವ ಹಾಗೆ. ಆಗ ಕಪ್ಲರ್ ಕಳಚಿದರೂ ಮೂತಿ ನೆಲಕ್ಕೆ ಬೀಳದೆ ಚೈನಿನ ಮೇಲೆ ಕೂರುತ್ತದೆ.

ಆಕ್ಸಲ್ ಬಗ್ಗೆ ನೀವು ಕೇಳಿಲ್ಲ, ಆದರೆ ಅದನ್ನು ಸರಿಯಾಗಿ ಮಧ್ಯಕ್ಕೆ ಇಡಬೇಡಿ. ಸ್ವಲ್ಪ ಹಿಂದಕ್ಕೆ ಇರಲಿ, ಲೋಡ್ ಹೇರಿದ ಮೇಲೆ ಮೂತಿಯಲ್ಲಿ ಭಾರ ಉಳಿಯಬೇಕು. ಅಮೆರಿಕದಲ್ಲಿ ಒಟ್ಟು ತೂಕದ 10ರಿಂದ 15 ಶೇಕಡಾ ಅನ್ನುತ್ತಾರೆ, ಯುರೋಪಿನಲ್ಲಿ ಅದಕ್ಕಿಂತ ಕಡಿಮೆ ಇಡುತ್ತಾರೆ, ನಿಮ್ಮ ಕಾರಿನ ಕೊಂಡಿಯ ಮಿತಿ ಎಷ್ಟು ಅಂತ ನೋಡಿಕೊಳ್ಳಿ. ತೂಕ ನೋಡುವ ಸಾಧಾರಣ ಮನೆ ಯಂತ್ರದ ಮೇಲೆ ಮೂತಿ ಇಟ್ಟರೆ ಗೊತ್ತಾಗುತ್ತದೆ. ಹಿಂಭಾಗ ಭಾರವಾದ ಟ್ರೈಲರ್ ವೇಗ ಹೆಚ್ಚಾದಾಗ ಅತ್ತಿತ್ತ ಬಾಲ ಬೀಸಲು ಶುರು ಮಾಡುತ್ತದೆ, ಕಾರನ್ನೂ ಎಳೆದಾಡುತ್ತದೆ. ಆಕ್ಸಲ್, ಹಬ್, ಕಪ್ಲರ್ ಇವನ್ನು ಮಾತ್ರ ಮನೆಯಲ್ಲಿ ಮಾಡಲು ಹೋಗಬೇಡಿ, ತೂಕದ ಮಿತಿ ಬರೆದಿರುವ ರೆಡಿಮೇಡ್ ಸಾಮಾನೇ ತನ್ನಿ. ಮತ್ತೆ ಮನೆಯಲ್ಲಿ ಮಾಡಿದ ಟ್ರೈಲರಿಗೆ ನಿಮ್ಮ ಕಡೆ ನೋಂದಣಿ ಸಿಗುತ್ತದಾ, ಲೈಟು ಬ್ರೇಕಿಗೆ ಏನು ನಿಯಮ ಅಂತ ಪೈಪ್ ಕತ್ತರಿಸುವ ಮೊದಲೇ ಕೇಳಿಕೊಳ್ಳಿ.

ಕೊನೆಗೆ ಮೆಷಿನ್. 3 ಎಂಎಂ ಪೈಪಿಗೆ 160 ಅಥವಾ 200 ಆಂಪಿನ ಸಾದಾ ಇನ್ವರ್ಟರ್ ಆರ್ಕ್ ಮೆಷಿನ್ ಧಾರಾಳ ಸಾಕು. 2.5 ಎಂಎಂನ 7018 ವೆಲ್ಡಿಂಗ್ ರಾಡ್ (7018 ಅನ್ನುವುದು ರಾಡಿನ ಜಾತಿಯ ನಂಬರ್), ಸುಮಾರು 80 ಆಂಪಿನಿಂದ ಶುರು ಮಾಡಿ. ಆ ರಾಡಿಗೆ ತೇವ ತಾಗಬಾರದು, ಪೊಟ್ಟಣ ಒಡೆದು ವಾರಗಟ್ಟಲೆ ಹೊರಗೆ ಬಿದ್ದಿದ್ದನ್ನು ಡ್ರಾಬಾರಿಗೆ ಹಚ್ಚಬೇಡಿ. ಫ್ರೇಮನ್ನು ಮೊದಲು ಟ್ಯಾಕ್, ಅಂದರೆ ಅಲ್ಲಲ್ಲಿ ಚುಕ್ಕಿಯಷ್ಟು ವೆಲ್ಡ್, ಮಾತ್ರ ಹಾಕಿ ನಿಲ್ಲಿಸಿ, ಮೂಲೆಯಿಂದ ಮೂಲೆಗೆ ಟೇಪ್ ಹಿಡಿದು ಎರಡೂ ಅಳತೆ ಒಂದೇ ಬಂದ ಮೇಲೆ ಪೂರ್ತಿ ವೆಲ್ಡ್ ಮಾಡಿ. ಅದಕ್ಕೂ ಮೊದಲು ಅದೇ ಪೈಪಿನ ಎರಡು ತುಂಡನ್ನು ಟಿ ಆಕಾರದಲ್ಲಿ ಒಂದೇ ಬದಿಗೆ ವೆಲ್ಡ್ ಮಾಡಿ, ವೈಸಿಗೆ ಕಚ್ಚಿಸಿ, ವೆಲ್ಡ್ ಬಾಯಿ ಬಿಡುವ ದಿಕ್ಕಿಗೆ ದೊಡ್ಡ ಸುತ್ತಿಗೆಯಲ್ಲಿ ಹೊಡೆಯಿರಿ. ಪೈಪೇ ಹರಿದರೆ ಅಥವಾ ಬಾಗಿದರೆ ನೀವು ತಯಾರು. ವೆಲ್ಡ್ ಒಂದು ಪಟ್ಟಿಯ ಹಾಗೆ ಕಳಚಿ ಬಂದು ಅದರ ಅಡಿ ನುಣ್ಣಗೆ ಕಂಡರೆ ಅದು ಒಳಗೆ ಇಳಿದಿಲ್ಲ, ಆಂಪ್ ಸ್ವಲ್ಪ ಏರಿಸಿ ಮತ್ತೆ ಟಿ ಮಾಡಿ ಒಡೆಯಿರಿ. ಡ್ರಾಬಾರಿನ ಸ್ಕೆಚ್ ಆದ ಮೇಲೆ ಇಲ್ಲಿ ಹಾಕಿ, ವೆಲ್ಡ್ ಎಲ್ಲೆಲ್ಲಿ ಬರುತ್ತದೆ ಅಂತ ಗುರುತು ಮಾಡಿ ಹಾಕಿದರೆ ನೋಡಿ ಹೇಳುತ್ತೇನೆ.