ಥೈರಾಯ್ಡ್ ಪೂರ್ತಿ ತೆಗೆಸಿದ ಮೇಲೆ ತೂಕ ಏರುತ್ತಲೇ ಇದೆ, ಊಟ ಬಿಟ್ಟರೂ ಇಳಿಯುತ್ತಿಲ್ಲ. ಏನು ಮಾಡಲಿ?

ಆಪರೇಷನ್ ಆಗಿ ನಾಲ್ಕು ತಿಂಗಳು, ಆರು ಕಿಲೋ ಹೆಚ್ಚಾಗಿದೆ, ರಾತ್ರಿ ಊಟ ಬಿಟ್ಟು ಮೂರು ವಾರವಾದರೂ ಏನೂ ಇಳಿದಿಲ್ಲ, ಮಾತ್ರೆಯ ಡೋಸ್ ಒಂದಿಷ್ಟು ಹೆಚ್ಚಿಸಿಕೊಂಡರೆ ಸರಿಹೋದೀತೇ ಎಂದು ಕೇಳಿದ್ದೀರಿ. ದಯವಿಟ್ಟು ಡೋಸನ್ನು ನೀವಾಗಿಯೇ ಮುಟ್ಟಬೇಡಿ. ರಾತ್ರಿ ಊಟವನ್ನು ಇವತ್ತೇ ಮತ್ತೆ ಶುರು ಮಾಡಿ. ಕಾರಣ ಆಮೇಲೆ ಹೇಳುತ್ತೇನೆ. ಊಟ ಬಿಡುವುದನ್ನು ನಾನೂ ಮಾಡಿದ್ದೆ, ಡೋಸ್ ಹೆಚ್ಚಿಸಿಕೊಳ್ಳುವ ಯೋಚನೆ ನನಗೂ ಬಂದಿತ್ತು.

ನಾನು ಡಾಕ್ಟರಲ್ಲ. ಏಳು ವರ್ಷದ ಹಿಂದೆ ಥೈರಾಯ್ಡ್ ಅತಿಯಾಗಿ ಕೆಲಸ ಮಾಡುವ ಗ್ರೇವ್ಸ್ ಕಾಯಿಲೆಯ ಕಾರಣಕ್ಕೆ ನನ್ನ ಥೈರಾಯ್ಡ್ ಗ್ರಂಥಿಯನ್ನು ಪೂರ್ತಿ ತೆಗೆದರು. ಆಪರೇಷನ್ನಿಗೆ ಮುಂಚಿನ ವರ್ಷ 9 ಕಿಲೋ ಇಳಿದಿದ್ದೆ. ಆದ ಮೇಲಿನ ಎಂಟು ತಿಂಗಳಲ್ಲಿ 13 ಕಿಲೋ ಏರಿದೆ. ಈ 13 ಕಿಲೋ ಎಲ್ಲವೂ ಒಂದೇ ಬಗೆಯದ್ದಲ್ಲ ಎಂದು ತಿಳಿದ ಮೇಲೆಯೇ ನನಗೆ ದಾರಿ ಕಂಡಿದ್ದು. ನಿಮ್ಮ ಆರು ಕಿಲೋವನ್ನೂ ಹಾಗೆ ಬಿಡಿಸಿ ನೋಡಿ. ಅದಕ್ಕೆ ಮುಂಚೆ ಅದರ ಜೊತೆ ಗುದ್ದಾಡಬೇಡಿ.

ಗ್ರಂಥಿ ಯಾಕೆ ತೆಗೆದರು ಎಂದು ನೀವು ಬರೆದಿಲ್ಲ. ಎಲ್ಲ ಲೆಕ್ಕವೂ ಅಲ್ಲಿಂದಲೇ ಶುರುವಾಗುತ್ತದೆ. ನನ್ನ ಹಾಗೆ ಥೈರಾಯ್ಡ್ ಅತಿಯಾಗಿ ಕೆಲಸ ಮಾಡುತ್ತಿದ್ದರೆ, ಈಗ ಏರುತ್ತಿರುವುದರಲ್ಲಿ ದೊಡ್ಡ ಪಾಲು ಕಾಯಿಲೆ ಕಿತ್ತುಕೊಂಡು ಹೋಗಿದ್ದ ನಿಮ್ಮದೇ ತೂಕ. ಅದರಲ್ಲಿ ಸ್ನಾಯುವೂ ಇದೆ. ಆ ದಿನಗಳಲ್ಲಿ ನಾನು ನೆಲದಿಂದ ಏಳಲು ಕೈ ಊರಬೇಕಿತ್ತು, ಎರಡು ಮೆಟ್ಟಿಲು ಹತ್ತಿದರೆ ತೊಡೆ ನಡುಗುತ್ತಿತ್ತು. ಅತಿಯಾದ ಹಾರ್ಮೋನ್ ಕೊಬ್ಬಿನ ಜೊತೆ ಸ್ನಾಯುವನ್ನೂ ಕರಗಿಸುತ್ತದೆ. ನಾನು ಮಾಡಿದ ತಪ್ಪೆಂದರೆ ಕಾಯಿಲೆಯ ನಡುವಿನ ತೂಕವನ್ನೇ 'ನನ್ನ ತೂಕ' ಅಂದುಕೊಂಡದ್ದು. ನೀವು ಹೋಲಿಸಿಕೊಳ್ಳಬೇಕಾದ್ದು ಕಾಯಿಲೆ ಬರುವ ಮುಂಚಿನ ತೂಕದ ಜೊತೆ. ಹಾಗೆ ನೋಡಿದಾಗ ನನ್ನ 13ರಲ್ಲಿ 9 ಕಿಲೋ ವಾಪಸ್ ಬಂದದ್ದು, ಉಳಿದ 4 ಮಾತ್ರ ಹೊಸದು.

ಕ್ಯಾನ್ಸರ್ ಕಾರಣಕ್ಕೆ ತೆಗೆದಿದ್ದರೆ ಕತೆ ಬೇರೆ. ಉಳಿದ ಥೈರಾಯ್ಡ್ ಕೋಶಗಳನ್ನು ನಾಶಮಾಡುವ ರೇಡಿಯೋ ಅಯೋಡಿನ್ ಚಿಕಿತ್ಸೆಗೆ ಮುಂಚೆ ಕೆಲವರಿಗೆ ಮೂರ್ನಾಲ್ಕು ವಾರ ಮಾತ್ರೆ ನಿಲ್ಲಿಸಲು ಹೇಳುತ್ತಾರೆ. ಆಗ ಮೈ ಬಾತುಕೊಂಡು ತೂಕ ಏರುವುದು ಸಹಜ, ಮಾತ್ರೆ ಮತ್ತೆ ಶುರುವಾಗಿ ಹಾರ್ಮೋನ್ ಸಮಕ್ಕೆ ಬಂದ ಹಾಗೆ ಆ ಬಾವು ಇಳಿಯುತ್ತದೆ. ಇನ್ನು ಬರೀ ಗಡ್ಡೆಗಾಗಿ ತೆಗೆದಿದ್ದು, ಮೊದಲು ಹಾರ್ಮೋನ್ ಸರಿಯಾಗಿಯೇ ಇದ್ದಿದ್ದರೆ, ಮೊದಲ ಅನುಮಾನ ಡೋಸ್ ಮೇಲೆ ಹೋಗಬೇಕು.

ಡೋಸ್ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ನಾನು ಎಡವಿದ್ದು ಇಲ್ಲೇ. ಗ್ರಂಥಿ ಪೂರ್ತಿ ಹೋದವರಿಗೆ ಲೆವೊಥೈರಾಕ್ಸಿನ್ (ಥೈರಾಯ್ಡ್ ಹಾರ್ಮೋನಿನ ಬದಲಿಗೆ ಕೊಡುವ ಥೈರಾಕ್ಸಿನ್ ಮಾತ್ರೆ) ಸಾಮಾನ್ಯವಾಗಿ ದೇಹದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 1.6 ಮೈಕ್ರೋಗ್ರಾಂ ಲೆಕ್ಕದಲ್ಲಿ ಶುರುವಾಗುತ್ತದೆ. ವಯಸ್ಸು, ಹೃದಯದ ಸ್ಥಿತಿ ನೋಡಿ ಹೆಚ್ಚುಕಡಿಮೆ ಮಾಡುತ್ತಾರೆ. ಈ ಹಾರ್ಮೋನ್ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಒಂದು ವಾರ ಬೇಕು. ಹಾಗಾಗಿ ಡೋಸ್ ಬದಲಿಸಿದ ಮೇಲೆ ಅದು ಮೈಯಲ್ಲಿ ನೆಲೆಗೊಳ್ಳಲು ಆರು ವಾರವಾದರೂ ಹಿಡಿಯುತ್ತದೆ, ಟಿಎಸ್‌ಎಚ್ ಪರೀಕ್ಷೆಯನ್ನು 6ರಿಂದ 8 ವಾರಕ್ಕೆ ಬರೆಯುವುದು ಅದಕ್ಕೇ. ಟಿಎಸ್‌ಎಚ್ ಎಂದರೆ ಥೈರಾಯ್ಡಿಗೆ ಕೆಲಸ ಮಾಡು ಎಂದು ಮೆದುಳಿನ ಬುಡದ ಗ್ರಂಥಿ ಕಳಿಸುವ ಸಂದೇಶ: ಥೈರಾಯ್ಡ್ ಹಾರ್ಮೋನ್ ಸಾಲದಿದ್ದರೆ ಅದು ಏರುತ್ತದೆ, ಹೆಚ್ಚಾದರೆ ತಗ್ಗುತ್ತದೆ. ನಾಲ್ಕು ತಿಂಗಳೆಂದರೆ ಹೆಚ್ಚೆಂದರೆ ಎರಡು ಸಲ ಡೋಸ್ ಸರಿಮಾಡಲು ಸಿಗುವ ಕಾಲ. ನೀವಿನ್ನೂ ದಾರಿಯ ನಡುವಿದ್ದೀರಿ.

ನನಗೆ ಐದನೇ ತಿಂಗಳಲ್ಲಿ ಟಿಎಸ್‌ಎಚ್ 28 ಬಂತು. ಸಾಮಾನ್ಯ ಮಿತಿ ಸುಮಾರು 0.4ರಿಂದ 4. ಡೋಸ್ ಕಡಿಮೆಯೇನೂ ಇರಲಿಲ್ಲ. ಬೆಳಿಗ್ಗೆ ಎದ್ದವಳೇ ಥೈರಾಕ್ಸಿನ್, ಕ್ಯಾಲ್ಸಿಯಂ ಎರಡನ್ನೂ ಒಂದೇ ಗುಟುಕಿಗೆ ನುಂಗಿ, ಮೇಲೆ ಕಾಫಿ ಕುಡಿಯುತ್ತಿದ್ದೆ. ಎರಡರ ನಡುವೆ ಅಂತರ ಬೇಕೆಂದು ಮನೆಗೆ ಕಳಿಸುವಾಗ ಯಾರೂ ಹೇಳಿರಲಿಲ್ಲ, ಕೇಳಬೇಕೆಂದು ನನಗೂ ಗೊತ್ತಿರಲಿಲ್ಲ. ಕ್ಯಾಲ್ಸಿಯಂ ಹೊಟ್ಟೆಯಲ್ಲೇ ಥೈರಾಕ್ಸಿನ್ನನ್ನು ಹಿಡಿದಿಟ್ಟುಕೊಂಡು ರಕ್ತಕ್ಕೆ ಸೇರದಂತೆ ಮಾಡುತ್ತದೆ. ಕಬ್ಬಿಣದ ಮಾತ್ರೆಯೂ ಅಷ್ಟೇ. ಇವುಗಳಿಗೂ ಥೈರಾಕ್ಸಿನ್‌ಗೂ ನಾಲ್ಕು ಗಂಟೆ ಅಂತರವಿರಬೇಕು. ಥೈರಾಕ್ಸಿನ್ನನ್ನು ಖಾಲಿ ಹೊಟ್ಟೆಯಲ್ಲಿ ಬರೀ ನೀರಿನ ಜೊತೆ ತೆಗೆದುಕೊಂಡು, ತಿಂಡಿ ಕಾಫಿಗೆ ಅರ್ಧದಿಂದ ಒಂದು ಗಂಟೆ ಕಾಯಬೇಕು. ಬೆಳಿಗ್ಗೆ ಆಗದಿದ್ದರೆ, ರಾತ್ರಿ ಊಟವಾಗಿ ಮೂರು ಗಂಟೆ ಬಿಟ್ಟು ಮಲಗುವಾಗ ತೆಗೆದುಕೊಳ್ಳಬಹುದೇ ಎಂದು ಡಾಕ್ಟರನ್ನು ಕೇಳಿ. ಹೊತ್ತು ಯಾವುದಾದರೂ ಸರಿ, ದಿನವೂ ಒಂದೇ ಇರಲಿ. ನಾನು ಮಾಡಿದ್ದು ಇಷ್ಟೇ: ಮಾತ್ರೆ, ನೀರು ತಲೆದೆಸೆಗೆ ಬಂದವು, ಕ್ಯಾಲ್ಸಿಯಂ ಮಧ್ಯಾಹ್ನದ ಊಟಕ್ಕೆ ಹೋಯಿತು. ಅದೇ ಡೋಸಿನಲ್ಲಿ ಎರಡು ತಿಂಗಳ ನಂತರ ಟಿಎಸ್‌ಎಚ್ 3ಕ್ಕೆ ಬಂತು. ಕೆನ್ನೆ, ಕಣ್ಣಿನ ಸುತ್ತ ಇದ್ದ ಊತ ಹೋಯಿತು, ಮಲಬದ್ಧತೆ ಹೋಯಿತು, ಎರಡು ಕಿಲೋ ತಾನಾಗಿಯೇ ಇಳಿಯಿತು.

ಅಂತರ ಬೇಕು ಎಂದೆನೆಂದು ಕ್ಯಾಲ್ಸಿಯಂ ನಿಲ್ಲಿಸಿಬಿಡಬೇಡಿ! ಥೈರಾಯ್ಡ್ ಹಿಂದಿರುವ, ರಕ್ತದ ಕ್ಯಾಲ್ಸಿಯಂ ಮಟ್ಟ ಕಾಯುವ ನಾಲ್ಕು ಪುಟ್ಟ ಪ್ಯಾರಾಥೈರಾಯ್ಡ್ ಗ್ರಂಥಿಗಳು ಆಪರೇಷನ್ನಿನಲ್ಲಿ ಸೊರಗಿರಬಹುದು. ತುಟಿಯ ಸುತ್ತ, ಬೆರಳ ತುದಿಯಲ್ಲಿ ಜುಮ್ಮೆನ್ನುವುದು, ಕೈಕಾಲು ಸೆಟೆದುಕೊಳ್ಳುವುದು ಕಂಡರೆ ಅದೇ ದಿನ ಡಾಕ್ಟರ ಬಳಿ ಹೋಗಿ.

ಕೂದಲು ಉದುರುತ್ತಿದೆ ಎಂದು ಬಯೋಟಿನ್ ಎಂಬ ವಿಟಮಿನ್ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಿ. ರಕ್ತ ಕೊಡುವುದಕ್ಕೆ ಎರಡು ದಿನ ಮುಂಚೆಯಾದರೂ ನಿಲ್ಲಿಸಬೇಕು, ಇಲ್ಲದಿದ್ದರೆ ಎಷ್ಟೋ ಲ್ಯಾಬುಗಳ ವಿಧಾನದಲ್ಲಿ ಟಿಎಸ್‌ಎಚ್ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಗ್ರೇವ್ಸ್ ಇದ್ದವರಲ್ಲಿ ಆಪರೇಷನ್ ಆದ ಮೇಲೂ ವಾರಗಟ್ಟಲೆ ಟಿಎಸ್‌ಎಚ್ ತಗ್ಗಿಯೇ ಇರಬಹುದು. ಅಂಥವರಿಗೆ ಫ್ರೀ ಟಿ4 (ರಕ್ತದಲ್ಲಿರುವ ಥೈರಾಕ್ಸಿನ್‌ನ ಅಳತೆ) ಕೂಡ ನೋಡಬೇಕಾಗುತ್ತದೆ.

ಗ್ರಂಥಿ ಇಲ್ಲದೆ ಬದುಕುವುದು ಎಷ್ಟು ಹೊಸದು ಎಂದು ಆಗಾಗ ಯೋಚಿಸುತ್ತೇನೆ. ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ ಥಿಯೋಡೋರ್ ಕೋಚರ್ ಎಂಬ ಸರ್ಜನ್ ಇದ್ದರು. ಥೈರಾಯ್ಡ್ ಪೂರ್ತಿ ತೆಗೆದ ತಮ್ಮ ರೋಗಿಗಳನ್ನು ಮತ್ತೆ ಕರೆಸಿ ನೋಡಿದಾಗ, ಹಲವರ ಮುಖ ಊದಿ, ಮಾತು ನಡಿಗೆ ನಿಧಾನವಾಗಿ, ಬುದ್ಧಿಯೂ ಮಂಕಾಗಿತ್ತು. 1883ರಲ್ಲಿ ಅವರು ಅದನ್ನು ಮುಚ್ಚಿಡದೆ ಹೇಳಿದರು. 1909ರಲ್ಲಿ ಥೈರಾಯ್ಡ್ ಕುರಿತ ಕೆಲಸಕ್ಕೇ ನೊಬೆಲ್ ಬಂತು. 1891ರಲ್ಲಿ ಇಂಗ್ಲೆಂಡಿನ ಜಾರ್ಜ್ ಮರ್ರಿ ಥೈರಾಯ್ಡ್ ಬತ್ತಿಹೋಗಿದ್ದ ಮಹಿಳೆಯೊಬ್ಬರಿಗೆ ಕುರಿಯ ಥೈರಾಯ್ಡಿನ ಸಾರ ಕೊಟ್ಟರು, ಆಕೆ ಮತ್ತೆ 28 ವರ್ಷ ಬದುಕಿದರು. ನಮ್ಮ ಕೈಯಲ್ಲಿರುವ ಪುಟ್ಟ ಮಾತ್ರೆ ಆ ದಾರಿಯಲ್ಲಿ ಬಂದದ್ದು. ಅದನ್ನು ಅಸಡ್ಡೆಯಿಂದ ನುಂಗಲು ನನಗೆ ಈಗ ಮನಸ್ಸಾಗುವುದಿಲ್ಲ.

ಹಾಗಾದರೆ ಇನ್ನೊಂದು ಮಾತ್ರೆ ಹೆಚ್ಚಿಗೆ ತೆಗೆದುಕೊಂಡರೇನು? ತೂಕ ಇಳಿದರೂ ಇಳಿಯಬಹುದು, ಕಾಯಿಲೆಯಲ್ಲಿ ನನಗೆ ಇಳಿದ ಹಾಗೆ. ಜೊತೆಗೆ ಎದೆ ಹೊಡೆದುಕೊಳ್ಳುತ್ತದೆ, ಹೃದಯದ ತಾಳ ತಪ್ಪಬಹುದು, ಮೂಳೆ ಸವೆಯುತ್ತದೆ. ಕ್ಯಾನ್ಸರ್ ಆದ ಕೆಲವರಿಗೆ ಡಾಕ್ಟರೇ ಬೇಕೆಂದು ಟಿಎಸ್‌ಎಚ್ ತಗ್ಗಿಸಿ ಇಡುತ್ತಾರೆ. ಅಲ್ಲಿ ರೋಗ ಮರಳದಿರಲೆಂಬ ಲೆಕ್ಕವಿದೆ, ತೂಕದ ಲೆಕ್ಕವಿಲ್ಲ. ಇನ್ನೊಬ್ಬರ ಡೋಸ್ ಕೇಳಿಕೊಂಡು ನಿಮ್ಮದರ ಜೊತೆ ಹೋಲಿಸಬೇಡಿ.

ಇಷ್ಟೆಲ್ಲ ಆಗಿಯೂ ನನ್ನಲ್ಲಿ ಎರಡು ಕಿಲೋ ಉಳಿದಿತ್ತು. ಅದು ಹಾರ್ಮೋನಿನದ್ದಲ್ಲ, ಹಸಿವಿನ ಅಭ್ಯಾಸದ್ದು. ಕಾಯಿಲೆಯಿದ್ದಾಗ ಎಷ್ಟು ತಿಂದರೂ ಉರಿದುಹೋಗುತ್ತಿತ್ತು, ಆ ತಟ್ಟೆಯ ಅಳತೆಯೇ ಕೈಗೆ ಕೂತಿತ್ತು. ಹಾರ್ಮೋನ್ ಕೊರತೆಯಿಂದಲೇ ಏರುವ ತೂಕ ಸಾಮಾನ್ಯವಾಗಿ ಎರಡರಿಂದ ನಾಲ್ಕೂವರೆ ಕಿಲೋ, ಅದರಲ್ಲೂ ಬಹುಪಾಲು ಮೈಯಲ್ಲಿ ನಿಂತ ಉಪ್ಪು ಮತ್ತು ನೀರು. ಇದನ್ನು ಓದಿ ಮೊದಲು ಬೇಜಾರಾಯಿತು. ಆಮೇಲೆ ಧೈರ್ಯ ಬಂತು: ಹಾರ್ಮೋನ್ ಸಮಕ್ಕೆ ಬಂದ ಮೇಲೆ ನನ್ನ ಮೈಯೂ ಉಳಿದವರ ಮೈಯಂತೆಯೇ ಮಾತು ಕೇಳುತ್ತದೆ.

ಊಟ ಬಿಟ್ಟಾಗ ನನಗೆ ಆದದ್ದು ಸುಸ್ತು, ಸಿಡುಕು, ಮರುದಿನ ಎರಡರಷ್ಟು ಹಸಿವು. ಸುಸ್ತಾದವಳು ಓಡಾಡುವುದೂ ಕಮ್ಮಿ. ಬದಲಿಗೆ ಮೂರು ಹೊತ್ತೂ ತಿಂದು, ತಟ್ಟೆ ಚಿಕ್ಕದು ಮಾಡಿ, ಪ್ರತಿ ಊಟದಲ್ಲೂ ಪ್ರೋಟೀನ್, ತರಕಾರಿ ಮೊದಲು ಬಡಿಸಿಕೊಂಡೆ. ಗಾಯ ಮಾಗಿ ಸರ್ಜನ್ ಒಪ್ಪಿದ ಮೇಲೆ ದಿನಾ ನಡಿಗೆ, ವಾರಕ್ಕೆ ಎರಡು ಸಲ ಭಾರ ಎತ್ತುವ ವ್ಯಾಯಾಮ. ಎರಡರಲ್ಲಿ ಒಂದನ್ನೇ ಆರಿಸಿ ಎಂದರೆ, ಸ್ನಾಯು ಕಳೆದುಕೊಂಡವರಿಗೆ ನಾನು ಭಾರವನ್ನೇ ಹೇಳುತ್ತೇನೆ. ತೂಕ ನೋಡುವುದನ್ನು ವಾರಕ್ಕೊಂದೇ ಸಲಕ್ಕೆ ಇಳಿಸಿದೆ. ಆ ಎರಡು ಕಿಲೋ ಹೋಗಲು ಏಳು ತಿಂಗಳು ಹಿಡಿಯಿತು.

ತೂಕ ಇಳಿಸುವ ಹೊಸ ಇಂಜೆಕ್ಷನ್ ಬಗ್ಗೆ ಯಾರಾದರೂ ಹೇಳಿದರೆ, ನಿಮ್ಮ ಬಯಾಪ್ಸಿ ವರದಿ ತೋರಿಸದೆ ಶುರು ಮಾಡಬೇಡಿ. ಮೆಡುಲರಿ ಎಂಬ ಬಗೆಯ ಥೈರಾಯ್ಡ್ ಕ್ಯಾನ್ಸರ್ ತಮಗಾಗಲಿ ಮನೆಯವರಿಗಾಗಲಿ ಇದ್ದವರು ಆ ಇಂಜೆಕ್ಷನ್‌ಗಳಲ್ಲಿರುವ ಸೆಮಾಗ್ಲುಟೈಡ್‌ನಂಥ ಔಷಧಿ ತೆಗೆದುಕೊಳ್ಳಬಾರದು.

ಸದ್ಯಕ್ಕೆ ಒಂದು ಹಾಳೆಯಲ್ಲಿ ಇಷ್ಟು ಬರೆದುಕೊಳ್ಳಿ: ಕಾಯಿಲೆಗೆ ಮುಂಚಿನ ತೂಕ, ಆಪರೇಷನ್ ದಿನದ ತೂಕ, ಈಗಿನದು, ಕೊನೆಯ ಟಿಎಸ್‌ಎಚ್ ಮತ್ತು ಅದರ ತಾರೀಖು, ದಿನದಲ್ಲಿ ಯಾವ ಮಾತ್ರೆ ಎಷ್ಟು ಗಂಟೆಗೆ. ಅದನ್ನು ಡಾಕ್ಟರ ಮುಂದಿಟ್ಟು, "ನನಗೆ ಟಿಎಸ್‌ಎಚ್ ಎಷ್ಟಿರಬೇಕು?" ಎಂದು ಕೇಳಿ. ಕ್ಯಾಲ್ಸಿಯಂ ಜೊತೆಗೇ ನುಂಗುತ್ತಿದ್ದೀರಾ ಎಂಬುದನ್ನು ಮಾತ್ರ ನನಗೂ ಬರೆದು ತಿಳಿಸಿ.