ಫೈನಲ್ ಹಾಕಿದರೂ ತಿರುಗುವ ಅಕ್ಷರ

ಪ್ರಶ್ನೆ: ಮೇಡಂ, ನಮ್ಮದು ಗಂಗಾವತಿ. ಅಕ್ಕಿ ಚೀಲದ ಲೇಬಲ್ ಪ್ರಿಂಟ್ ಮಾಡಲು ಜಾವಾದಲ್ಲಿ ಒಂದು ಪ್ರೋಗ್ರಾಂ ಬರೆದಿದ್ದೇನೆ. ಅಂಚಿನಲ್ಲಿ ‘ಸೋನಾ ಮಸೂರಿ’ ಎಂಬುದು 90 ಡಿಗ್ರಿ ತಿರುಗಿ ಉದ್ದಕ್ಕೆ ಬರಬೇಕು. ಮೊದಲ ಲೇಬಲ್ ಸರಿ ಬರುತ್ತದೆ. ಎರಡನೆಯದು ತಲೆಕೆಳಗು, ಮೂರನೆಯದು ಎದುರು ದಿಕ್ಕಿಗೆ, ನಾಲ್ಕನೆಯದು ತಿರುಗುವುದೇ ಇಲ್ಲ. ಐದನೆಯದು ಮತ್ತೆ ಸರಿ! ಅಕ್ಷರವನ್ನು ತಿರುಗಿಸುವ, ಸರಿಸುವ ಲೆಕ್ಕ ಇಟ್ಟುಕೊಳ್ಳುವ ಜಾವಾದ ಅಫೈನ್‌ಟ್ರಾನ್ಸ್‌ಫಾರ್ಮನ್ನು ‘ತಿರುವು’ ಎಂಬ ನನ್ನದೇ ಕ್ಲಾಸಿನಲ್ಲಿ ಪ್ರೈವೇಟ್ ಫೈನಲ್ (ಹೊರಗಿನವರು ಮುಟ್ಟದಂತೆ, ಬದಲಾಗದಂತೆ) ಮಾಡಿ ಇಟ್ಟಿದ್ದೇನೆ. ಆದರೂ ಹೇಗೆ ಬದಲಾಗುತ್ತದೆ? ಪ್ರಿಂಟರ್ ಕೆಟ್ಟಿದೆಯಾ?

ಉತ್ತರ: ಪಾಪ, ಪ್ರಿಂಟರನ್ನು ಬಿಟ್ಟುಬಿಡಿ. ಐದನೆಯದು ಸರಿ ಬಂತು ಅಂದಿರಲ್ಲ, ಕಳ್ಳ ಅಲ್ಲೇ ಸಿಕ್ಕಿಬಿದ್ದ. 90, 180, 270, 360, ಮತ್ತೆ 90. ಅಂದರೆ ಲೂಪಿನಲ್ಲಿ ಪ್ರತಿ ಲೇಬಲ್‌ಗೂ ಅದೇ ಆಬ್ಜೆಕ್ಟಿನ ಮೇಲೆ ರೊಟೇಟ್ ಎಂಬ ಮೆಥಡ್ ಕರೆಯುತ್ತಿದ್ದೀರಿ. ಆ ಮೆಥಡ್ ಹೊಸದೊಂದನ್ನು ಮಾಡಿ ಕೊಡುವುದಿಲ್ಲ. ಇದ್ದದ್ದನ್ನೇ ಇನ್ನಷ್ಟು ತಿರುಗಿಸುತ್ತದೆ.

ಫೈನಲ್ ಹಾಕಿದ್ದೀರಿ, ಸರಿ. ಅದರಿಂದ ಆ ಹೆಸರು ಬೇರೆ ಆಬ್ಜೆಕ್ಟಿಗೆ ಹೋಗುವುದು ನಿಂತಿತು, ಅಷ್ಟೇ. ಗೂಟಕ್ಕೆ ಕಟ್ಟಿದ ಎಮ್ಮೆ ಊರು ಬಿಟ್ಟು ಹೋಗುವುದಿಲ್ಲ. ನಿಂತಲ್ಲೇ ಕೆಸರು ಮೆತ್ತಿಕೊಂಡರೆ ಹಗ್ಗ ಏನು ಮಾಡೀತು? ಅಫೈನ್‌ಟ್ರಾನ್ಸ್‌ಫಾರ್ಮ್ ಒಳಗೆ ಆರು ಸಂಖ್ಯೆಗಳಿವೆ. ಹಿಗ್ಗಿಸುವುದು, ಓರೆ ಮಾಡುವುದು, ತಿರುಗಿಸುವುದು ಎಲ್ಲ ನಾಲ್ಕರಲ್ಲಿ, ಜಾಗ ಸರಿಸುವುದು ಇನ್ನೆರಡರಲ್ಲಿ. ನಿಮ್ಮ ಗೆಟರ್ (ಕೇಳಿದವರಿಗೆ ಒಳಗಿನದನ್ನು ಕೊಡುವ ಮೆಥಡ್) ಆ ಆಬ್ಜೆಕ್ಟನ್ನೇ ಹೊರಗೆ ಕೊಟ್ಟರೆ ಯಾರು ಬೇಕಾದರೂ ಆ ಸಂಖ್ಯೆಗಳನ್ನು ತಿದ್ದಬಹುದು. ಎಲ್ಲವೂ ತಾನಾಗಿ ಫೈನಲ್ ಆಗುವ ರೆಕಾರ್ಡ್ ಎಂಬ ಕ್ಲಾಸ್ ಬಳಸಿದರೂ ಇದೇ ಕಥೆ.

ಹಾಗಾಗಿ ಎರಡು ಕಡೆ ಕಾಪಿ ಬೇಕು. ಕನ್‌ಸ್ಟ್ರಕ್ಟರಿಗೆ (ಆಬ್ಜೆಕ್ಟ್ ಹುಟ್ಟಿಸುವ ಕೋಡಿಗೆ) ಬಂದದ್ದನ್ನು ಕಾಪಿ ಮಾಡಿ ಒಳಗಿಡಿ. ಗೆಟರ್ ಕೊಡುವಾಗಲೂ ಕಾಪಿಯನ್ನೇ ಕೊಡಿ. ಬಹಳ ಜನ ಮೊದಲನೆಯದನ್ನು ಮಾಡಿ ಎರಡನೆಯದನ್ನು ಮರೆಯುತ್ತಾರೆ. ಕಾಪಿಗೆ ಕ್ಲೋನ್ ಎಂಬ ಮೆಥಡ್ ಬೇಡ. ಅಫೈನ್‌ಟ್ರಾನ್ಸ್‌ಫಾರ್ಮ್ ಫೈನಲ್ ಕ್ಲಾಸ್ ಅಲ್ಲ (ಕ್ಲಾಸಿಗೆ ಫೈನಲ್ ಅಂದರೆ ಅದನ್ನು ಆಧರಿಸಿ ಇನ್ನೊಂದು ಕ್ಲಾಸ್ ಬರೆಯುವಂತಿಲ್ಲ), ಅದರ ಸಬ್‌ಕ್ಲಾಸ್ ಬರೆದವರು ಕ್ಲೋನನ್ನು ತಮಗೆ ಬೇಕಾದಂತೆ ಬದಲಿಸಿರಬಹುದು. ನ್ಯೂ ಅಫೈನ್‌ಟ್ರಾನ್ಸ್‌ಫಾರ್ಮ್ ಅಂತ ಬರೆದು ಹಳೆಯದನ್ನು ಬ್ರ್ಯಾಕೆಟ್ಟಿನಲ್ಲಿ ಕೊಡಿ. ಕಾಪಿಯಿಂದ ನಿಧಾನವಾಗುತ್ತೆ ಅಂತ ಹೆದರಬೇಡಿ. ಆರು ಡಬಲ್ ಅಂದರೆ 48 ಬೈಟ್. ‘ಸೋನಾ ಮಸೂರಿ’ಯ ಗುಣಿತ ಜೋಡಿಸುವ ಕೆಲಸದ ಮುಂದೆ ಇದು ಲೆಕ್ಕಕ್ಕೇ ಇಲ್ಲ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತು: ನಿಮ್ಮ ‘ತಿರುವು’ ಕ್ಲಾಸೇ ಬೇಕಿಲ್ಲ. ಜಾವಾ 1.2ರಿಂದಲೂ ಟ್ರಾನ್ಸ್‌ಫಾರ್ಮ್‌ಆಟ್ರಿಬ್ಯೂಟ್ ಎಂಬ ಕ್ಲಾಸ್ ಇದೆ. ಮಾಡುವುದು ಇದೇ ಕೆಲಸ: ಒಳಗೆ ಕಾಪಿ, ಹೊರಗೆ ಕಾಪಿ. ನಲ್ (ಏನೂ ಇಲ್ಲ) ಕೊಟ್ಟರೆ ಏನೂ ತಿರುಗಿಸಬೇಡ ಅಂತ ತಿಳಿದುಕೊಳ್ಳುತ್ತದೆ. ಟೆಕ್ಸ್ಟ್‌ಆಟ್ರಿಬ್ಯೂಟಿನ ಟ್ರಾನ್ಸ್‌ಫಾರ್ಮ್ ಕೀಗೆ, ಅಂದರೆ ಅಕ್ಷರದ ಗುಣಗಳ ಪಟ್ಟಿಯಲ್ಲಿ ತಿರುವಿಗಿರುವ ಹೆಸರಿಗೆ, ಇದನ್ನೇ ಕೊಡಬೇಕು.

ಅಕ್ಷರದ ವಿಷಯಕ್ಕೇ ಇಷ್ಟು ಮಡಿ ಯಾಕೆ ಅಂತೀರಾ? ಬಳ್ಳಾರಿಯ ಕೌಲ್ ಬಜಾರಿನ ಜೀನ್ಸ್ ಘಟಕಗಳಿಗೆ ನಾನು ಲೇಬಲ್ ಸಾಫ್ಟ್‌ವೇರ್ ಮಾಡಿಕೊಡುತ್ತೇನೆ. ಸೊಂಟಪಟ್ಟಿಯ ಲೇಬಲ್ ಅಂದರೆ ಜಾಗ ಬಹಳ ಕಡಿಮೆ. ಅಲ್ಲಿ ಮೊದಲು ಸಾಲಿನ ಅಗಲ ಅಳೆಯುತ್ತೇವೆ, ಆಮೇಲೆ ಬಿಡಿಸುತ್ತೇವೆ. ನಡುವೆ ಯಾರಾದರೂ ಟ್ರಾನ್ಸ್‌ಫಾರ್ಮ್ ತಿದ್ದಿದರೆ ಅಳತೆ ಒಂದು, ಅಕ್ಷರ ಇನ್ನೊಂದು. ಸೈಜ್ 32 ಹೋಗಿ ಹೊಲಿಗೆಯ ಅಡಿ ಕೂರುತ್ತದೆ. ಇನ್ನೂ ಕಾಡುವುದು, ಕೀ ಕೊಟ್ಟರೆ ವಸ್ತು ಹುಡುಕಿಕೊಡುವ ಹ್ಯಾಶ್‌ಮ್ಯಾಪ್. ಅಫೈನ್‌ಟ್ರಾನ್ಸ್‌ಫಾರ್ಮಿನ ಹ್ಯಾಶ್ (ಮ್ಯಾಪ್ ಜಾಗ ಗುರುತಿಸುವ ಸಂಖ್ಯೆ) ಆ ಆರು ಸಂಖ್ಯೆಗಳಿಂದಲೇ ಬರುತ್ತದೆ. ಕೀ ಮಾಡಿ ಒಳಗಿಟ್ಟ ಮೇಲೆ ಅದನ್ನು ತಿರುಗಿಸಿದರೆ ಮ್ಯಾಪಿನಲ್ಲಿ ಹುಡುಕಿದರೂ ಸಿಗುವುದಿಲ್ಲ. ವಸ್ತು ಒಳಗೇ ಇರುತ್ತದೆ, ಮ್ಯಾಪ್ ಮಾತ್ರ ಇಲ್ಲ ಅನ್ನುತ್ತದೆ. ಇಂಥದ್ದನ್ನು ಹಿಡಿಯಲು ಕೂತರೆ ಮಧ್ಯಾಹ್ನದ ಊಟ ತಣ್ಣಗಾದಂತೆಯೇ.

ಈಗಲೇ ಒಂದು ಪರೀಕ್ಷೆ ಮಾಡಿ. ಇರುವ ಕೋಡಿನಲ್ಲೇ ಲೇಬಲ್‌ಗಳನ್ನೆಲ್ಲ ಮೊದಲು ಸಿದ್ಧಮಾಡಿ ಲಿಸ್ಟಿಗೆ ಹಾಕಿ, ಆಮೇಲೆ ಒಟ್ಟಿಗೆ ಬಿಡಿಸಿ. ಎಲ್ಲವೂ ಒಂದೇ ಕೋನಕ್ಕೆ, ಕೊನೆಯದರ ಕೋನಕ್ಕೆ, ತಿರುಗಿ ನಿಂತಿರುತ್ತವೆ. ಎಲ್ಲರ ಕೈಯಲ್ಲಿರುವುದು ಅದೇ ಒಂದು ಆಬ್ಜೆಕ್ಟ್ ಅಲ್ವಾ!

ಹಾಗೇ, ಪ್ರಿಂಟ್ ಮಾಡುವಾಗ, ಬಿಡಿಸುವ ಕೆಲಸ ಮಾಡುವ ಗ್ರಾಫಿಕ್ಸ್‌2ಡಿಯ ಸೆಟ್‌ಟ್ರಾನ್ಸ್‌ಫಾರ್ಮ್ ಸುಮ್ನೆ ಕರೆಯಬೇಡಿ. ಪುಟಕ್ಕೆ ಅಂತ ಮೊದಲೇ ಹಾಕಿದ್ದ ಅಳತೆಯೂ ಅಳಿಸಿಹೋಗುತ್ತದೆ. ಟ್ರಾನ್ಸ್‌ಫಾರ್ಮ್ ಎಂಬ ಮೆಥಡ್ ಕರೆದರೆ ಇದ್ದದ್ದರ ಮೇಲೆ ಸೇರುತ್ತದೆ. ಸೆಟ್ ಇರುವುದು ಕೆಲಸ ಮುಗಿದ ಮೇಲೆ ಹಳೆಯದನ್ನು ವಾಪಸ್ ಕೂರಿಸಲು.

ಪ್ರಶ್ನೆ: ನಾವು ಸಿಂಧನೂರಿನವರು. ನಮ್ಮ ಕನ್ನಡ ಫಾಂಟಿನಲ್ಲಿ ಓರೆ ಅಕ್ಷರ ಇಲ್ಲ. ಟ್ರಾನ್ಸ್‌ಫಾರ್ಮಿನಿಂದ ಮಾಡಬಹುದಾ?

ಉತ್ತರ: ಮಾಡಬಹುದು. ಶಿಯರ್ (ಓರೆ ಮಾಡುವ ಮೆಥಡ್) ಬಳಸಿ, ಅಡ್ಡಕ್ಕೆ -0.2 ಕೊಡಿ. ಜಾವಾದಲ್ಲಿ ವೈ (ಲಂಬ ಅಳತೆ) ಕೆಳಮುಖವಾಗಿ ಬೆಳೆಯುತ್ತದೆ, ಅದಕ್ಕೇ ಮೈನಸ್. ಡಿರೈವ್‌ಫಾಂಟಿಗೆ (ಫಾಂಟಿನದೇ ಮೆಥಡ್) ಆ ಟ್ರಾನ್ಸ್‌ಫಾರ್ಮ್ ಕೊಟ್ಟರೆ ಹೊಸ ಫಾಂಟ್ ಬರುತ್ತದೆ, ಹಳೆಯದು ಹಾಗೇ ಇರುತ್ತದೆ. -0.2 ಅಂದರೆ ಸುಮಾರು 11 ಡಿಗ್ರಿ ಓರೆ. ಕನ್ನಡಕ್ಕೆ ನನಗದು ಜಾಸ್ತಿ ಅನಿಸುತ್ತದೆ. ತಲೆಕಟ್ಟು ಬಲಕ್ಕೆ ವಾಲುತ್ತದೆ, ಗೆರೆಯ ಕೆಳಗಿನ ಒತ್ತಕ್ಷರ ಎಡಕ್ಕೆ ಸರಿಯುತ್ತದೆ. ‘ಅಕ್ಕಿ’ಯಲ್ಲಿ ಒತ್ತು ಅ ಕಡೆಗೆ ನುಗ್ಗಿದಂತೆ ಕಾಣುತ್ತದೆ. -0.12ರಿಂದ ಶುರುಮಾಡಿ, ‘ಅಕ್ಕಿ’, ‘ರಾಷ್ಟ್ರ’ ಎರಡನ್ನೂ ಬಿಡಿಸಿ ನೋಡಿ.