ಪ್ರ: ಸಾಲಕ್ಕೆ ಜೈಲು ಸೇರಿದ ಅಮೆರಿಕದ ನ್ಯಾಯಮೂರ್ತಿ

ಹೌದು ಸರ್, ಅಮೆರಿಕದ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯೊಬ್ಬರು ಹುದ್ದೆಯಲ್ಲಿದ್ದಾಗಲೇ ಸಾಲಕ್ಕೆ ಜೈಲು ಸೇರಿದ್ದರಂತೆ ಎಂದು ನೀವು ಕೇಳಿದ್ದು ನಿಜ. ಅವರು ಜೇಮ್ಸ್ ವಿಲ್ಸನ್. ಸ್ಕಾಟ್ಲೆಂಡಿನಲ್ಲಿ ಹುಟ್ಟಿ ಪೆನ್ಸಿಲ್ವೇನಿಯಾದಲ್ಲಿ ವಕೀಲಿ ಮಾಡಿದವರು. 1776ರ ಸ್ವಾತಂತ್ರ್ಯ ಘೋಷಣೆ, 1787ರ ಸಂವಿಧಾನ ಎರಡಕ್ಕೂ ಸಹಿ ಹಾಕಿದ ಆರೇ ಜನರಲ್ಲಿ ಒಬ್ಬರು. 1789ರಲ್ಲಿ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಈ ವಿಲ್ಸನ್‌ರನ್ನು ಸುಪ್ರೀಂ ಕೋರ್ಟಿಗೆ ನೇಮಿಸಿದರು.

ಕೆಡಿಸಿದ್ದು ಜಮೀನಿನ ಹುಚ್ಚು. ಸಾಲ ಮಾಡಿ ಪಶ್ಚಿಮದ ಕಾಡುಭೂಮಿ ಕೊಂಡರು. 1796-97ರಲ್ಲಿ ಮಾರುಕಟ್ಟೆ ಮಗುಚಿತು. ನ್ಯೂಜೆರ್ಸಿಯ ಬರ್ಲಿಂಗ್ಟನ್‌ನಲ್ಲಿ ಜೈಲು, ಮಗ ಹಣ ಹೊಂದಿಸಿ ಬಿಡಿಸಿದ. ಆಮೇಲೆ ನಾರ್ತ್ ಕ್ಯಾರೊಲಿನಾಕ್ಕೆ ಓಡಿದರೆ ಅಲ್ಲೂ ಸೆರೆ. ಈ ಸಲ ಹಿಡಿಸಿದ್ದು ಅವರಿಂದ ಹಣ ಬರಬೇಕಿದ್ದ ಪಿಯರ್ಸ್ ಬಟ್ಲರ್, ಅದೇ ಸಂವಿಧಾನಕ್ಕೆ ಜೊತೆಗೆ ಸಹಿ ಹಾಕಿದಾತ!

ಹುದ್ದೆ ಯಾಕೆ ಹೋಗಲಿಲ್ಲ ಅಂದಿರಿ. ಮಹಾಭಿಯೋಗ, ಅಂದರೆ ಸಂಸತ್ತು ಆರೋಪ ಹೊರಿಸಿ ವಿಚಾರಿಸುವ ಕ್ರಮ, ಇಲ್ಲದೆ ತೆಗೆಯುವಂತಿಲ್ಲ, ಅದನ್ನು ಯಾರೂ ತರಲಿಲ್ಲ; ಅವರೂ ರಾಜೀನಾಮೆ ಕೊಡಲಿಲ್ಲ. 1798ರ ಆಗಸ್ಟ್‌ನಲ್ಲಿ ನಾರ್ತ್ ಕ್ಯಾರೊಲಿನಾದ ಈಡೆಂಟನ್‌ನಲ್ಲಿ ತೀರಿಕೊಂಡಾಗಲೂ ನ್ಯಾಯಮೂರ್ತಿಯೇ.